‘ಉಟ್ಟು’ ಎಂಬ ಮಾತಿಗೆ ಜೋಡಿ

ಮೊಮ್ಮಗಳು ಶಾಲೆಗೆ ಪದ್ಯ ಬರೆಯುತ್ತಾ, “ಅಜ್ಜಿ, ‘ಮಳೆ’ಗೆ ಪ್ರಾಸ ಹೇಳು” ಅಂದಳು. ಬೆಳೆ, ಬಳೆ, ಕಳೆ, ಹೊಳೆ ಎಂದು ಒಂದೇ ಉಸಿರಿಗೆ ಸುರಿದೆ. ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟವಳ ಹತ್ತಿರ ಒಂದು ಮಗು ಮಾತು ಕೇಳುತ್ತಿದೆಯಲ್ಲ! ಸಂತೋಷಕ್ಕೆ ಕಣ್ಣು ತುಂಬಿ ಬಂತು. ಆಮೇಲೆ ಅವಳು, “‘ಉಟ್ಟು’ ಅನ್ನೋದಕ್ಕೆ?” ಅಂದಳು. ಆ ಮಾತಿಗೆ ನಾನೊಮ್ಮೆ ಜೋಡಿ ಕಟ್ಟಿ ಹಾಡಿದ್ದೆ.

ಎಪ್ಪತ್ತರ ದಶಕದ ಮಾತು. ಟೇಕಲ್ ಹತ್ತಿರದ ನಮ್ಮ ತವರಿನಲ್ಲಿ ತಂಗಿಯ ಮದುವೆ. ಗಂಡಿನವರು ನಂಗಲಿ ಕಡೆಯವರು. ಗಂಡಿನ ತಾಯಿ ಬೀಗಿತ್ತಿಯನ್ನು ನಾವು ಹಾಡಿನಲ್ಲಿ ಹಂಗಿಸಬೇಕು, ಅವರು ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಲಕ್ಕೂರಿನ ಗಂಡನ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ಎಂಟು ದಿನ ಜೋಡಿ ಮಾತು ಹುಡುಕಿದ್ದೆ. ಅದಕ್ಕೆ ಪ್ರಾಸ ಎಂಬ ಹೆಸರಿದೆ ಎಂದು ಆಗ ಗೊತ್ತಿರಲಿಲ್ಲ. ‘ಉಟ್ಟು’ ಎಂದು ಮುಗಿಯುವ ಸಾಲಿಗೆ ಜೋಡಿಯಾಗಿ ‘ಒಲೆ ಮೇಲೆ ಬೇಯೋ ಮುದ್ದೇನ ಬಿಟ್ಟು’ ಅಂದಿದ್ದರೂ ಸಾಕಿತ್ತು. ಇನ್ನಷ್ಟು ನಗು ಬರಲಿ ಎಂದು ಮುದ್ದೆ ತೆಗೆದು ಕೂಸನ್ನು ಇಟ್ಟೆ.

ಊಟಕ್ಕೆ ಕೂತಿದ್ದ ಬೀಗಿತ್ತಿಯ ಮುಂದೆ ನಿಂತು ಹಾಡಿದೆ:

ಬಂದವ್ಳೆ ಬೀಗಿತ್ತಿ ಜರಿಸೀರೆ ಉಟ್ಟು,
ಮಡಿಲಿನ ಕೂಸನ್ನ ಮನೇಲೆ ಬಿಟ್ಟು.

ಅವರು ಕಲಸಿದ ಅನ್ನದಲ್ಲಿ ಕೈ ಇಟ್ಟುಕೊಂಡೇ ಕೂತುಬಿಟ್ಟರು. ಪಕ್ಕದ ಮುದುಕಿ ತೆಲುಗಿನಲ್ಲಿ, “ಚಾಲಮ್ಮಾ, ಚಾಲು” ಎಂದು ಹಾಡು ಸಾಕು ಮಾಡಿಸಿದಳು. ಬೀಗಿತ್ತಿಯ ಕಡೇ ಮಗು, ಇನ್ನೂ ನಡೆಯದ ಹೆಣ್ಣುಕೂಸು, ಆ ಮಳೆಗಾಲದಲ್ಲೇ ಜ್ವರಕ್ಕೆ ಹೋಗಿತ್ತಂತೆ. ಹಿಂದಿನ ಸಂಜೆ ಬಂದಿಳಿದ ನನಗೆ ಯಾರೂ ಹೇಳಿರಲಿಲ್ಲ. ಗಂಡಿನವರಿಂದ ಉತ್ತರದ ಹಾಡು ಬರಲಿಲ್ಲ.

ದೀಪಾವಳಿಗೆ ಬಂದ ತಂಗಿ ಹಿತ್ತಿಲಲ್ಲಿ ಅತ್ತಳು. “ಅತ್ತೆ ಬೈಯಲ್ಲ ಕಣಕ್ಕಾ. ತಟ್ಟೆ ಮುಂದಿಟ್ಟು ಎದ್ದು ಹೋಗ್ತಾರೆ. ಒಂದು ಮಾತಿಲ್ಲ. ಅಷ್ಟೊಂದು ಮಾತಿದ್ವಲ್ಲ ನಿನ್ ಹತ್ರ, ಅದೇ ಬೇಕಾಗಿತ್ತಾ?”

“ತಪ್ಪಾಯ್ತು ಅಂತ ಕಾಲಿಗೆ ಬೀಳ್ತೀನಿ, ಬರ್ತೀನಿ ಕಣೇ.”

“ಬರಬೇಡ. ನಿನ್ನ ಕಂಡ್ರೆ ಇನ್ನೂ ನೆನಪಾಗ್ತದೆ.”

ಆಮೇಲೆ ಯಾವ ಮದುವೆಯಲ್ಲೂ ಹಾಡಲಿಲ್ಲ. ಸೊಪ್ಪಿನ ತೋಟದಲ್ಲಿ ಮಾತುಗಳು ತಾವಾಗಿಯೇ ಜೋಡಿಯಾಗಿ ಬರುತ್ತಿದ್ದವು. ತುಟಿ ಕಚ್ಚಿಕೊಳ್ಳುತ್ತಿದ್ದೆ.

ಮೂರನೇ ವರ್ಷ ತಂಗಿ ತವರಿನಲ್ಲಿ ಹೆಣ್ಣು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಬೀಗಿತ್ತಿ ಬಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಕೂಸನ್ನು ಮಡಿಲಿಗೆ ಹಾಕಿಕೊಂಡು ಅವರು, “ಎಲ್ಲಮ್ಮಾ ನಿಮ್ಮ ಹಾಡೋಳು?” ಅಂದರು. ಬಂದು ನಿಂತೆ. ನನ್ನನ್ನೇ ನೋಡುತ್ತಾ ಸಣ್ಣಗೆ ಹಾಡಿದರು:

ಬಂದೀನಿ ಬೀಗಿತ್ತಿ ಹಳೆಸೀರೆ ಉಟ್ಟು,
ಹೋಗ್ಲೇನೆ ಈ ಕೂಸ ನಿಮ್ಮಲ್ಲೇ ಬಿಟ್ಟು?

ಕೊನೆಯ ಮಾತಿಗೆ ದನಿ ಒಡೆಯಿತು. ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾರೂ ನಗಲಿಲ್ಲ.

“ಏನೇ, ಮೂಗಿ ಆದ್ಯಾ? ಉತ್ತರ ಹೇಳು” ಅಂದರು ಬೀಗಿತ್ತಿ.

ಅವರ ಕಾಲ ಹತ್ತಿರ ಕೂತುಬಿಟ್ಟೆ. ಅವರು ಕೂಸನ್ನು ನನ್ನ ಕೈಗೆ ಕೊಟ್ಟು, “ನೀರು ತಗೊಂಬಾಮ್ಮಾ” ಎಂದು ತಂಗಿಯನ್ನು ಕರೆದರು.

ಮೊಮ್ಮಗಳು ಪೆನ್ಸಿಲ್ ಕಚ್ಚುತ್ತಾ ಕಾಯುತ್ತಿದ್ದಳು. “‘ಬಿಟ್ಟು’ ಅಂದ್ರೆ ಆಗ್ತದಲ್ಲಾ ಅಜ್ಜಿ?”

“ಆಗ್ತದೆ ಕಣೇ. ಯಾರನ್ನ ಬಿಟ್ಟು ಅಂತ ಮೊದ್ಲು ಕೇಳ್ಕೊಂಡು ಬರಿ” ಅಂದೆ.