ಬರ್ಮಾದಿಂದ ಬಂದ ಕಾಂಪೌಂಡರ್

ಹಲಸೂರಿನ ಆ ಕಾಂಪೌಂಡರ್ ಬರ್ಮಾ ಯುದ್ಧದಲ್ಲಿ, ಗುಂಡು ಹಾರುವ ಕಡೆ, ಬಂದೂಕಿಲ್ಲದೆ ಓಡಾಡಿ ಗಾಯಾಳುಗಳನ್ನು ಹೊತ್ತು ತಂದವರು. "ಹೆದರಿಕೆ ಆಗ್ಲಿಲ್ವಾ?" ಎಂದರೆ, "ಆಯ್ತಪ್ಪ. ಕೆಲ್ಸಾನೂ ಇತ್ತು," ಎನ್ನುತ್ತಿದ್ದರು. ಅವರಿಗೆ ಮೀಸೆ ಇತ್ತೆಂದು ನನ್ನ ನೆನಪು; ಇರಲೇ ಇಲ್ಲ ಎನ್ನುತ್ತಾಳೆ ಅಕ್ಕ. ಒಂದು ಸಂಜೆಯ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ.

ಯುದ್ಧ ಮುಗಿದ ಮರುವರ್ಷ. ಜಟಕಾ ಸ್ಟ್ಯಾಂಡಿನಲ್ಲಿ ಸವಾರಿಗಾಗಿ ಜಗಳವಾಗಿ ಒಬ್ಬ ಗಾಡಿಯವನು ಇನ್ನೊಬ್ಬನ ತೊಡೆಗೆ ಚೂರಿ ಹಾಕಿದ. ಚೂರಿ ಬೀಸುತ್ತಲೇ ಇದ್ದವನ ಹತ್ತಿರ ಹೋಗಲು ಯಾರಿಗೂ ಧೈರ್ಯವಿಲ್ಲ. ಬಿದ್ದವನ ರಕ್ತ ನಿಲ್ಲುತ್ತಿಲ್ಲ. ಕಾಂಪೌಂಡರ್ ಬರಿಗೈಯಲ್ಲಿ ಹೋಗಿ ಗಾಯಾಳುವಿನ ಪಕ್ಕ ಕೂತು, ತಲೆಯೆತ್ತದೆ ಚೂರಿಯವನಿಗೆ ಹೇಳಿದರು: "ಇಲ್ಲಿ ಒತ್ತಿ ಹಿಡಿಯಪ್ಪಾ. ಒಂದು ಕೈ ಸಾಲಲ್ಲ, ಎರಡೂ ಬೇಕು."

ಅವನು ಚೂರಿ ಬಿಸಾಡಿ ಒತ್ತಿದ. ಕಾಂಪೌಂಡರ್ ತಮ್ಮ ಪಂಚೆಯನ್ನೇ ಹರಿದು ಕಟ್ಟತೊಡಗಿದರು. ಗಾಯಾಳುವಿನ ಕಣ್ಣು ಮುಚ್ಚುತ್ತಿತ್ತು. ಎಚ್ಚರ ತಪ್ಪದಿರಲೆಂದು ಊಟದ ಮಾತು ಎತ್ತುವುದು ಅವರ ಯುದ್ಧದ ರೂಢಿ.

"ಮಧ್ಯಾಹ್ನ ಏನ್ ತಿಂದ್ಯೋ?"

"ಮುದ್ದೆ, ಸಾರು. ಉಪ್ಪೇ ಇರ್ಲಿಲ್ಲ."

ಸುದ್ದಿ ಕೇಳಿ ಓಡಿಬಂದು ಗೋಳಾಡುತ್ತಿದ್ದ ಅವನ ಹೆಂಡತಿಯ ಅಳು ಥಟ್ಟನೆ ನಿಂತಿತು. "ಮೂರು ಸಲ ಹಾಕಿಸ್ಕೊಂಡು ತಿಂದ್ಯಲ್ಲ!"

"ಹಸಿವಿತ್ತು ಕಣೇ," ಎಂದು ಅವನು ಕಣ್ಣು ಬಿಟ್ಟ.

ಮೊದಲು ನಕ್ಕವನು ಚೂರಿ ಹಾಕಿದವನೇ.

"ನಗ್ಬೇಡ್ವೋ," ಕಾಂಪೌಂಡರ್ ಗದರಿದರು, "ಕೈ ಅಲ್ಲಾಡುತ್ತೆ."