ಕಾಲಿರುವ ಸರಕು

"ಬಸ್ಸು ನಿಂತ ಹಾಗೆ ದಾರಿ ಮಧ್ಯೆ ವಿಮಾನ ನಿಲ್ಲುತ್ತಾ? ಬಿಡು ತಾತ" ಅಂತೀಯಲ್ಲ, ನಿಲ್ಲುತ್ತೆ ಕಣಯ್ಯಾ, ನಿಂತಿದೆ. ರಸ್ತೆಗೆ ಅಡ್ಡ ನಿಂತು ಕೈ ತೋರಿಸಿದರು ಅಂತ ನಾನೆಲ್ಲಿ ಹೇಳಿದೆ? ಅದು ನೀನೇ ಸೇರಿಸಿಕೊಂಡಿದ್ದು. ಕಥೆಗೆ ಉಪ್ಪು ಖಾರ ಹಾಕುವ ಕೆಲಸ ಈ ಮನೆಯಲ್ಲಿ ನನ್ನದು, ನಿನ್ನದಲ್ಲ. ಪೂರ್ತಿ ಕೇಳು, ಆಮೇಲೆ ಬೇಕಾದರೆ ನಗು.

ಒಂದು ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ ಒಬ್ಬನನ್ನು ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. ಮನೆಗೆ ಬೆಂಕಿ ಬಿದ್ದವನ ಹಾಗೆ ನಡೆಯುವುದು ಅವನ ಅಭ್ಯಾಸ. ಅವನ ಜೊತೆ ಬೆಳಗಿನ ವಾಕಿಂಗ್‌ಗೆ ಹೋಗುತ್ತಿದ್ದ ನಾಯಿ ವಾರದೊಳಗೆ ಬೇರೆ ಯಜಮಾನನನ್ನು ಹುಡುಕಿಕೊಂಡಿತಂತೆ. ನಂಬಿಕೆ ಇಲ್ಲದಿದ್ದರೆ ನಾಯಿಯನ್ನೇ ಕೇಳು. ಯಾವ ವಿಮಾನ ಯಾವಾಗ ಬರಬೇಕು, ಎಲ್ಲಿ ನಿಲ್ಲಬೇಕು, ಅದರಿಂದ ಇಳಿದ ಜನ ಮತ್ತು ಸರಕು ಮುಂದೆ ಯಾವುದಕ್ಕೆ ಹತ್ತಬೇಕು ಎಂದು ಯೋಜನೆ ಹಾಕುವುದು ಅವನ ಕೆಲಸ. ಕಾಲಿಗೆ ಸದಾ ಚಕ್ರ ಕಟ್ಟಿಕೊಂಡ ಮನುಷ್ಯನಿಗೆ ಹೇಳಿ ಮಾಡಿಸಿದ ಉದ್ಯೋಗ.

ಅಲ್ಲಿಂದ ಕಡಲತೀರದ ಊರೊಂದಕ್ಕೆ ದಿನ ಬಿಟ್ಟು ದಿನ ಒಂದು ಪುಟ್ಟ ವಿಮಾನ ಹೋಗುತ್ತಿತ್ತು. ಹೋಗುವಾಗ ಅರ್ಧ ಖಾಲಿ, ಬರುವಾಗ ಮುಕ್ಕಾಲು ಖಾಲಿ. ಅದನ್ನು ನಿಲ್ಲಿಸಿಬಿಡೋಣ ಎಂದು ಮೇಲಿನವರು ನಿರ್ಧರಿಸುವ ಹೊತ್ತಿಗೆ ಗಡಿಬಿಡಿ ಅಡ್ಡ ಬಂದ. ಬೆಳಿಗ್ಗೆ ದೊಡ್ಡ ವಿಮಾನದಲ್ಲಿ ಬಂದವರು ಇಳಿದು ಪುಟ್ಟ ವಿಮಾನ ಹತ್ತಲಿ, ಜೊತೆಗೆ ಔಷಧಿಯ ಪೆಟ್ಟಿಗೆಗಳೂ ಹೋಗಲಿ. ವಾಪಸು ಬರುವಾಗ ಆ ಊರಿನ ಮೀನು ಐಸಿನ ಮೇಲೆ ಮಲಗಿ ಬರಲಿ. ಮಧ್ಯಾಹ್ನ ಹೊರಡುವ ಸರಕಿನ ವಿಮಾನ ಅದನ್ನು ದೂರದ ಮಾರುಕಟ್ಟೆಗೆ ಒಯ್ಯಲಿ. ಸರಪಳಿಯ ಹಾಗೆ ಒಂದಕ್ಕೊಂದು ಕೊಂಡಿ.

"ಕೇಳೋಕೆ ಚೆನ್ನಾಗಿದೆ. ಮೊದಲ ದಿನವೇ ಮೀನು ತಪ್ಪಿತು ಅಂದ್ರೆ ನಿಮ್ಮ ಪುಟ್ಟ ವಿಮಾನಕ್ಕೆ ಅವತ್ತೇ ಕೊನೆ, ತಿಳೀತಾ?" ಎಂದರು ನಿಲ್ದಾಣದ ಮುಖ್ಯಸ್ಥರು.

"ತಪ್ಪಲ್ಲ ಸಾರ್. ದೇವರೇ ಓಡಿ ಬಂದ್ರೂ ಬಾಗಿಲು ತೆಗೆಯಲ್ಲ, ಕಾಯಲ್ಲ."

ಈ ಮಾತು ಹೇಳುವಾಗ ಅವನಿಗೆ ದೇವರ ಯೋಚನೆ ಇತ್ತೇ ಹೊರತು ಅತ್ತೆಯ ಯೋಚನೆ ಇರಲಿಲ್ಲ.

ಯೋಜನೆಯಲ್ಲಿ ಅವನಿಗೇ ಹೆಮ್ಮೆ ತಂದ ಜಾಣತನ ಒಂದಿತ್ತು. ಪುಟ್ಟ ವಿಮಾನವನ್ನು ನಿಲ್ದಾಣದ ಆ ತುದಿಗೆ, ಸರಕಿನ ಗೋದಾಮಿನ ಬಾಯಿಗೇ ನಿಲ್ಲಿಸುವುದು. ಪೆಟ್ಟಿಗೆಗಳಿಗೆ ಕಾಲಿಲ್ಲ, ಹೊರಬೇಕು. ಜನರಿಗಾದರೆ ಕಾಲಿದೆ, ತಾವೇ ನಡೆದು ಬರುತ್ತಾರೆ. ಎಷ್ಟು ಹೊತ್ತು ಬೇಕು? ಗಡಿಬಿಡಿ ಕೈಯಲ್ಲಿ ಗಡಿಯಾರ ಹಿಡಿದು ಈ ತುದಿಯಿಂದ ಆ ತುದಿಗೆ ತಾನೇ ನಡೆದು ನೋಡಿದ. ಅನುಮಾನ ಬಂತೆಂದು ಇನ್ನೊಂದು ಸಲ ನಡೆದ. ಎರಡು ಸಲವೂ ಒಂದೇ ಉತ್ತರ ಬಂತು. ಬರದೇ ಏನು? ಕಾಲು ಅವನದೇ ಅಲ್ಲವೇ!

ಮೊದಲ ದಿನ ಬೆಳಿಗ್ಗೆ ಅವನು ಶೂ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಫೋನ್ ಹಿಡಿದುಕೊಂಡೇ ಬಂದಳು.

"ತಂಗಿಗೆ ನೋವು ಶುರುವಾಗಿದೆಯಂತೆ. ಅವಳ ಗಂಡ ಹಡಗಿನಲ್ಲಿ, ಜೊತೆಗೆ ಒಂದು ನರಪಿಳ್ಳೆ ಇಲ್ಲ. ಅಮ್ಮ ಇವತ್ತಿನ ವಿಮಾನದಲ್ಲೇ ಹೊರಟಿದಾಳೆ. ನಿಮ್ಮ ಪುಟ್ಟ ವಿಮಾನಕ್ಕೆ ಹತ್ತಿಸಿಬಿಡಿ."

"ಇವತ್ತೇನಾ? ನಾಡಿದ್ದು ಹೋದ್ರಾಗಲ್ವಾ?"

"ಹೆರಿಗೆಗೂ ನೀವೇ ಟೈಂಟೇಬಲ್ ಹಾಕ್ತೀರಾ?"

ಅವನು ಓಡಿದ. ಒಂದು ಶೂಗೆ ದಾರ ಕಟ್ಟಿರಲಿಲ್ಲ.

ದೊಡ್ಡ ವಿಮಾನ ಹೇಳಿದ ಹೊತ್ತಿಗೆ ಸರಿಯಾಗಿ ಇಳಿಯಿತು. ಗಡಿಬಿಡಿ ಮೇಲಿನ ಕೋಣೆಯ ಗಾಜಿಗೆ ಮೂಗು ಒತ್ತಿ ನಿಂತ. ಔಷಧಿಯ ಪೆಟ್ಟಿಗೆಗಳು ಗಾಡಿಯೇರಿ ರಾಜಗಾಂಭೀರ್ಯದಿಂದ ಸಾಗಿದವು. ಬ್ಯಾಗು ತಗಲಿಸಿಕೊಂಡ ಹುಡುಗ ಹುಡುಗಿಯರು ಉದ್ದನೆಯ ಮೊಗಸಾಲೆಯಲ್ಲಿ ಸರಸರ ನಡೆದು ಹೋದರು. ಅವನಿಗೆ ಉಸಿರು ಬಂತು. ಆಮೇಲೆ ಸಾಲು ಎಳೆದ ರಬ್ಬರಿನ ಹಾಗೆ ಉದ್ದವಾಗತೊಡಗಿತು. ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಮಗು ಇದ್ದ ತಾಯಿ. ಊರುಗೋಲಿನ ಮುದುಕ. ಹಿಂದೆ ಇನ್ನೂ ಕೆಲವರು. ಎಲ್ಲರಿಗಿಂತ ಹಿಂದೆ ಅತ್ತೆ. ಅತ್ತೆ ನಡೆಯುತ್ತಲೂ ಇರಲಿಲ್ಲ. ಅರ್ಧ ದಾರಿಯ ಬೆಂಚಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಅವರನ್ನು ನೋಡಿ ಊರುಗೋಲಿನವನೂ ಕೂತ. ಕೂತವರನ್ನು ನೋಡಿ ಉಳಿದವರೂ ಕೂತರು.

ಗಡಿಬಿಡಿ ಗಾಜು ಬಿಟ್ಟು ಓಡಿದ. ಮೆಟ್ಟಿಲನ್ನು ಇಳಿದನೋ ಉರುಳಿದನೋ, ಅವರ ಮುಂದೆ ಬಂದು ನಿಂತ.

"ಏಳಿ ಅತ್ತೆ, ಬಾಗಿಲು ಹಾಕಿಬಿಡ್ತಾರೆ!"

"ಓ, ಅಳಿಯಂದ್ರಾ? ಬನ್ನಿ. ಅಲ್ಲಾ, ಈ ದಾರಿ ಹಾಕಿದೋನು ಯಾರು? ಅವನ ಕಾಲು ಮುರಿಯಾ!"

"ಯಾರೋ... ಆಫೀಸಿನೋರು."

"ಪೆಟ್ಟಿಗೆಗೆ ಗಾಡಿ, ನನಗೆ ನಡಿಗೆ. ಮುಂದಿನ ಜನ್ಮದಲ್ಲಿ ಪೆಟ್ಟಿಗೆಯಾಗೇ ಹುಟ್ತೀನಿ ಬಿಡಿ."

ಅಷ್ಟರಲ್ಲಿ ಅವನ ಕೈಯ ವೈರ್‌ಲೆಸ್ ಗೊರಗುಟ್ಟಿತು. ಆ ತುದಿಯಿಂದ ಗೋದಾಮಿನ ಮೇಸ್ತ್ರಿ ಕೇಳುತ್ತಿದ್ದ: "ಸಾರ್, ಪೆಟ್ಟಿಗೆ ಎಲ್ಲಾ ತುಂಬಿದ್ದಾಯ್ತು. ಕೆಲವರು ಬಂದಿಲ್ಲ. ಬಾಗಿಲು ಹಾಕೋದಾ, ಕಾಯೋದಾ?"

ನೀನೇ ಹೇಳು, ಏನನ್ನಬೇಕು? ಕಾಯಿರಿ ಅಂದರೆ ಮೀನು ತಪ್ಪುತ್ತದೆ, ಪುಟ್ಟ ವಿಮಾನ ಇಂದಿಗೇ ಮುಗಿಯುತ್ತದೆ. ಅದರ ಮೇಲೆ ಅತ್ತೆಗೋಸ್ಕರ ವಿಮಾನ ನಿಲ್ಲಿಸಿದ ಮಹಾನುಭಾವ ಎಂಬ ಬಿರುದು ಬೇರೆ. ಹಾಕಿ ಅಂದರೆ ನಾದಿನಿ ಒಬ್ಬಳೇ ನರಳಬೇಕು. ಅತ್ತ ದರಿ, ಇತ್ತ ಪುಲಿ, ನಡುವೆ ಅತ್ತೆ. ಅವನ ಬೆನ್ನ ಮೇಲೆ ಹರಿದ ಬೆವರಿನಲ್ಲಿ ಒಂದು ಎಮ್ಮೆ ಮೀಯಿಸಬಹುದಿತ್ತು.

ಕಣ್ಣು ತಪ್ಪಿಸಲು ಅವನು ಬೆಂಚಿನ ಹಿಂದಿನ ಗಾಜಿನಾಚೆ ನೋಡಿದ. ಬಟಾಬಯಲು, ಅದರಲ್ಲಿ ಹಳದಿ ಗೆರೆ. ಗೋದಾಮಿನ ಕಡೆಯಿಂದ ರನ್‌ವೇಗೆ ಹೋಗುವ ವಿಮಾನಗಳು ಹಿಡಿಯುವ ಗೆರೆ ಅದು. ಇದೇ ಗಾಜಿನ ಮುಂದೆಯೇ ಹಾದು ಹೋಗುತ್ತಿತ್ತು. ಪುಟ್ಟ ವಿಮಾನ ಹೇಗಿದ್ದರೂ ಈ ದಾರಿಯಲ್ಲೇ ಬರಬೇಕು!

"ಪೈಲಟಮ್ಮ," ಎಂದ ವೈರ್‌ಲೆಸ್ಸಿನಲ್ಲಿ, ಪುಟ್ಟ ವಿಮಾನ ನಡೆಸುವವಳಿಗೆ, "ನೀವು ಹೊರಟು ಬನ್ನಿ. ದಾರೀಲಿ ಈ ಮೊಗಸಾಲೆ ಮುಂದೆ ಜಾಗ ಖಾಲಿ ಇದೆ. ಅಲ್ಲಿ ನಿಲ್ಲಿಸಿ ಇವರನ್ನ ಹತ್ತಿಸ್ಕೊಳ್ತೀರಾ?"

"ಇದೇನು ಸಿಟಿ ಬಸ್ಸೇನ್ರೀ?"

"ಮೆಟ್ಟಿಲು ನಿಮ್ಮ ಬಾಗಿಲಲ್ಲೇ ಇದೆಯಲ್ಲಾ..."

ಆ ಕಡೆ ಕಾಗದ ತಿರುವುವ ಸದ್ದು. ಅಷ್ಟರಲ್ಲಿ ಅವನ ಕೂದಲು ಅರ್ಧ ನೆರೆಯಿತು. ಇದು ನಾನು ಸೇರಿಸಿದ್ದಲ್ಲ, ಕಂಡವರು ಹೇಳಿದ್ದು.

"ಟವರ್ ಒಪ್ಪಿದ್ರೆ ಬರ್ತೀನಿ. ಆದ್ರೆ ಎಂಜಿನ್ ಪೂರ್ತಿ ನಿಲ್ಲಿಸ್ತೀನಿ, ತಡ ಆದ್ರೆ ನಿಮ್ಮ ತಲೆ ಮೇಲೆ."

ವಿಮಾನಗಳಿಗೆ ದಾರಿ ಬಿಡುವ ಟವರಿನವರು ಒಪ್ಪಿದರು. ವಿಮಾನ ಬಂತು, ನಿಂತಿತು, ಬಾಗಿಲು ಮೆಟ್ಟಿಲಾಗಿ ಬಿಚ್ಚಿಕೊಂಡಿತು. ಮಕ್ಕಳ ತಾಯಿ ಹತ್ತಿದಳು, ಮುದುಕ ಹತ್ತಿದ. ಅತ್ತೆ ಕೊನೆಯ ಮೆಟ್ಟಿಲಲ್ಲಿ ನಿಂತು ಸಾವಕಾಶವಾಗಿ ತಿರುಗಿದರು.

"ಅಳಿಯಂದ್ರೇ, ಮುಖ ಬಾಡಿದೆಯಲ್ಲಾ, ತಿಂಡಿ ಆಯ್ತಾ?"

"ಆಯ್ತು ಅತ್ತೆ, ದಮ್ಮಯ್ಯ, ಒಳಗೆ ಹೋಗಿ!"

ವಿಮಾನ ತಡವಾಗಿಯೇ ಹಾರಿತು. ಪೂರ್ತಿ ಕಾದಿದ್ದರೆ ಆಗುತ್ತಿದ್ದಷ್ಟು ತಡವಲ್ಲ, ಆದರೂ ತಡವೇ. ಆಮೇಲಿನ ಹೊತ್ತನ್ನು ಅವನು ಹೇಗೆ ಕಳೆದನೋ. ಚಹಾ ತರಿಸಿದ, ಕುಡಿಯಲಿಲ್ಲ. ಮಧ್ಯಾಹ್ನ ಸರಕಿನ ವಿಮಾನ ಬಂದು ಬಾಯಿ ತೆರೆದುಕೊಂಡು ನಿಂತಿತು. ಆಕಾಶ ಖಾಲಿ. ಮುಖ್ಯಸ್ಥರು ಬಂದು ಪಕ್ಕದಲ್ಲಿ ನಿಂತು ಕೈಗಡಿಯಾರ ನೋಡಿಕೊಂಡರು. ಬೈದಿದ್ದರೂ ವಾಸಿಯಾಗಿತ್ತು.

ಕೊನೆಗೂ ಸೊಳ್ಳೆಯಷ್ಟು ದೊಡ್ಡದೊಂದು ಚುಕ್ಕೆ ಕಾಣಿಸಿತು. ಇಳಿದದ್ದೇ ತಡ, ಮೇಸ್ತ್ರಿಯ ಆಳುಗಳು ಮುಗಿಬಿದ್ದರು. ಒಂದು ಹೊಟ್ಟೆಯಿಂದ ಇನ್ನೊಂದು ಹೊಟ್ಟೆಗೆ ಮೀನು, ಐಸು, ಬೈಗುಳ. ಸರಕಿನ ವಿಮಾನ ಬಾಯಿ ಮುಚ್ಚಿದಾಗ ಮೀನಿನ ಕೆಲವು ಪೆಟ್ಟಿಗೆಗಳು ಮಾತ್ರ ನೆಲದ ಮೇಲೇ ಉಳಿದಿದ್ದವು.

"ಉಳೀತು," ಎಂದರು ಮುಖ್ಯಸ್ಥರು.

"ಹೌದು ಸಾರ್."

"ನಡಿಗೆ ಅಳೆದದ್ದು ಯಾರು?"

"ನಾನೇ ಸಾರ್. ನಡೆದು ನೋಡಿದ್ದೆ."

"ನೀವಾ?" ಮುಖ್ಯಸ್ಥರು ಅವನ ಕಾಲನ್ನು ನೋಡಿದರು. "ನಿಮ್ಮ ಕಾಲಲ್ಲಿ ಅಳೆದ್ರೆ ಊರಿಗೂರೇ ಓಡಬೇಕಾಗುತ್ತೆ ಕಣ್ರೀ! ಸರಿ, ನಾಡಿದ್ದು ವಿಮಾನ ಎಲ್ಲಿ ನಿಲ್ಲುತ್ತೆ?"

ನಾಡಿದ್ದು ಎಂಬ ಮಾತು ಕಿವಿಗೆ ಬಿದ್ದರೂ ಅವನಿಗೆ ನಂಬಿಕೆ ಬರಲಿಲ್ಲ. "ಮೊಗಸಾಲೆ ಮುಂದೆ ಸಾರ್. ದೂರದಿಂದ ಪೆಟ್ಟಿಗೆಗಳು ಬರಲಿ. ಅವಕ್ಕೆ ಮೊಣಕಾಲು ನೋಯಲ್ಲ."

"ನಾಡಿದ್ದು ಒಂದೇ ಒಂದು ಉಳಿದ್ರೂ..." ಎಂದು ಅವರು ಮಾತನ್ನು ಅರ್ಧಕ್ಕೇ ಬಿಟ್ಟು ಹೋದರು. ಆ ಅರ್ಧ ಮಾತು ಗಡಿಬಿಡಿಯ ಎರಡು ದಿನದ ನಿದ್ದೆ ತಿಂದಿತು. ಅವರು ಅತ್ತ ಹೋಗುತ್ತಿದ್ದಂತೆ ಹೆಂಡತಿಯ ಫೋನ್ ಬಂತು: ಅಮ್ಮ ಆಸ್ಪತ್ರೆಯ ಹೊಸಿಲು ದಾಟುವುದಕ್ಕೂ ಒಳಗೆ ಮಗು ಅಳುವುದಕ್ಕೂ ಸರಿಹೋಯಿತಂತೆ, ಹೆಣ್ಣು. ಅವನು ಉಳಿದ ಮೀನಿನ ಪೆಟ್ಟಿಗೆಯ ಮೇಲೇ ಕುಸಿದು ಕೂತ. ಅವನು ಕೂತದ್ದನ್ನು ಆ ನಿಲ್ದಾಣದವರು ಅವತ್ತೇ ಮೊದಲು ನೋಡಿದ್ದು.

ಏನು? ಆ ಮೀನು ಏನಾಯಿತು ಅಂತೀಯಾ? ಅದು ಇನ್ನೂ ದೊಡ್ಡ ಕಥೆ. ಮೇಸ್ತ್ರಿಯ ಬೆಕ್ಕು ಇತ್ತಲ್ಲ, ಹುಲಿಯಷ್ಟು ಎತ್ತರ...

"ರೀ, ವಿಮಾನ ಇಳಿಸ್ತೀರೋ ಇಲ್ವೋ? ತಟ್ಟೆ ಹಾಕಿ ಎಷ್ಟು ಹೊತ್ತಾಯ್ತು!"

ಬಂದೆ ಕಣೇ, ಬಂದೆ!