ಮುನ್ನೂರ ಹದಿನೇಳು ಒಂದುಗಳು

ಕೋವಿಡ್ ಕಳೆದ ಎರಡನೆಯ ವರ್ಷ ನಾನು ಕುವೈತಿನ ಒಂದು ಹಣ ರವಾನೆ ಕಂಪನಿಯಲ್ಲಿ ಸೆಕ್ಯುರಿಟಿ ಎಂಜಿನಿಯರ್ ಆಗಿದ್ದೆ. ಅಲ್ಲಿನ ಅಬ್ಬಾಸಿಯಾ ಬಡಾವಣೆಯ ಕೋಣೆಗಳಲ್ಲಿ ಒತ್ತೊತ್ತಾಗಿ ಬದುಕುವ ನಮ್ಮ ಜನ ಊರಿಗೆ ಕಳಿಸುವ ಸಂಬಳ ನಮ್ಮ ಆ್ಯಪ್ ಮೂಲಕ ಹೋಗಬೇಕಿತ್ತು. ದಾರಿಯಲ್ಲಿ ಯಾರೂ ಕೈ ಹಾಕದಂತೆ ಬೀಗ ಹಾಕುವುದು ನನ್ನ ಕೆಲಸ.

ಆ ಬೀಗದ ಮರ್ಮ ಸರಳ. ಅವಿಭಾಜ್ಯ ಸಂಖ್ಯೆ ಎಂದರೆ ಒಂದರಿಂದ ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ. ಮುನ್ನೂರಕ್ಕೂ ಹೆಚ್ಚು ಅಂಕಿಗಳಿರುವ ಅಂಥ ಎರಡನ್ನು ಗುಣಿಸುತ್ತೇವೆ. ಗುಣಲಬ್ಧ ಊರಿಗೆಲ್ಲ ಗೊತ್ತಿದ್ದರೂ ಚಿಂತೆಯಿಲ್ಲ, ಅದನ್ನು ಮತ್ತೆ ಆ ಎರಡಾಗಿ ಬಿಡಿಸುವುದು ಇಂದಿನ ಕಂಪ್ಯೂಟರುಗಳಿಗೆ ಆಗದ ಕೆಲಸ. ಆ ಎರಡು ಸಂಖ್ಯೆ ಮಾತ್ರ ಗುಟ್ಟಾಗಿರಬೇಕು. ಒಂದು ಗೊತ್ತಾದರೂ ಸಾಕು, ಭಾಗಿಸಿ ಇನ್ನೊಂದನ್ನು ಹಿಡಿಯಬಹುದು.

ನಮ್ಮ ಮಾಲೀಕ ಅಬು ನಾಸರ್ ಅವರಿಗೆ ಚೆಂದದ ನಂಬರುಗಳ ಹುಚ್ಚು. ಅವರೊಬ್ಬರದೇ ಅಲ್ಲ, ಕಾರಿನ ನಂಬರು, ಫೋನ್ ನಂಬರು ನೋಡಿ ಮನುಷ್ಯನ ತೂಕ ಅಳೆಯುವವರು ಅಲ್ಲಿ ಬಹಳ. ಒಂದು ಬೆಳಿಗ್ಗೆ ನನ್ನನ್ನು ಕರೆದು ತಮ್ಮ ಫೋನ್ ಮುಂದೆ ಹಿಡಿದರು. ಪರದೆಯ ತುಂಬ ಬರೀ ಒಂದು, ಒಂದು, ಒಂದು. ಮುನ್ನೂರ ಹದಿನೇಳು ಒಂದುಗಳ ಸಾಲು, ಇಂಟರ್ನೆಟ್ಟಿನಲ್ಲಿ ಸಿಕ್ಕಿತಂತೆ. ಗ್ರಹಚಾರಕ್ಕೆ ಅದು ನಿಜವಾಗಿಯೂ ಅವಿಭಾಜ್ಯ. ಗಣಿತಜ್ಞರು ಎಂದೋ ಸಾಧಿಸಿ ತೋರಿಸಿದ್ದಾರೆ. ಉದ್ದವೂ ಅಳತೆ ಕೊಟ್ಟು ಹೊಲಿಸಿದಂತೆ ನಮಗೇ ಸರಿಯಾಗಿತ್ತು.

“ನಮ್ಮ ಕೀ ಇದೇ. ಖಲಾಸ್,” ಎಂದರು.

ಇಕಾಮಾ, ಅಂದರೆ ಆ ದೇಶದಲ್ಲಿರಲು ನನಗೆ ಬೇಕಾದ ಪರವಾನಗಿ, ಆ ವಾರವೇ ಅವರ ಸಹಿಗೆ ಕಾದಿತ್ತು. ಹೂಂ ಎಂದರೆ ಬಡವರ ಸಂಬಳ ಕಳ್ಳರ ಪಾಲು, ಊಹೂಂ ಎಂದರೆ ನಾನು ಮೈಸೂರಿನ ಪಾಲು. ನಿಜಕ್ಕೂ ಹೆದರಿದ್ದೆ. ಕಾಗದಪತ್ರ ನೋಡಿಕೊಳ್ಳುವ ಬಂಟ್ವಾಳದ ಹನೀಫ್‌ಗೆ ಹೇಳಿಕೊಂಡೆ.

“ಬೇಡ ಹೇಳುವುದು ಎಂತಕ್ಕೆ ಅಕ್ಕ? ಚೆಂದ ಉಂಟಲ್ಲ ನಂಬರು. ನನಗೂ ನೆನಪುಳೀತದೆ,” ಎಂದರು.

“ಅದಕ್ಕೇ ಬೇಡ ಅಂದಿದ್ದು ಹನೀಫ್ ಭಾಯಿ.”

ಮರುದಿನ ಧೈರ್ಯ ಮಾಡಿ ಮಾಲೀಕರ ಕೋಣೆಗೆ ಹೋದೆ. “ಸರ್, ಗಣಿತ ಬಲ್ಲ ಕಳ್ಳನೊಬ್ಬ ನಮ್ಮ ಬೀಗಕ್ಕೆ ಮೊದಲು ಯಾವ ನಂಬರು ಹಾಕಿ ನೋಡ್ತಾನೆ?”

“ಇದನ್ನೇ. ಇದಕ್ಕಿಂತ ಒಳ್ಳೇದು ಎಲ್ಲಿದೆ?” ಎಂದು ಎದೆಯುಬ್ಬಿಸಿದವರು ಹಾಗೇ ತಣ್ಣಗಾದರು. ಹಿಂದಿನ ಸಂಜೆಯಷ್ಟೇ ಅದನ್ನು ದಿವಾನಿಯಾದಲ್ಲಿ, ಎಂದರೆ ಗೆಳೆಯರು ಹರಟೆಗೆ ಸೇರುವ ಚಾವಡಿಯಲ್ಲಿ, ಎಲ್ಲರಿಗೂ ತೋರಿಸಿ ಬಂದಿದ್ದರು.

“ಹಾಗಾದರೆ ನಮ್ಮ ನಂಬರು ಯಾವುದು? ತೋರಿಸಿ.”

“ನಾನೂ ನೋಡಲ್ಲ ಸರ್. ಮೆಷಿನ್ನು ಯದ್ವಾತದ್ವಾ ಒಂದನ್ನು ಆರಿಸಿ, ಅವಿಭಾಜ್ಯವೇ ಅಂತ ಪರೀಕ್ಷೆ ಮಾಡಿ, ಒಳಗೇ ಇಟ್ಕೊಳ್ಳತ್ತೆ.”

“ನನಗೂ ತೋರಿಸುವುದಿಲ್ಲವೇ?”

“ಇಲ್ಲ ಸರ್.”

ಅವರ ಮುಖ ಸಪ್ಪಗಾಯಿತು. ನನ್ನ ಇಕಾಮಾ ಕೈತಪ್ಪಿತೆಂದೇ ಅಂದುಕೊಂಡು, ಬಾಯಿಗೆ ಬಂದದ್ದನ್ನು ಹೇಳಿದೆ. “ಒಂದುಗಳ ಸಾಲನ್ನು ಯಾರು ಬೇಕಾದ್ರೂ ಬರ್ಕೋಬಹುದು ಸರ್. ಅಷ್ಟು ದೊಡ್ಡ ಅವಿಭಾಜ್ಯ ಸಂಖ್ಯೆಗಳು ಎಷ್ಟಿವೆ ಅಂದ್ರೆ, ನಮ್ಮದೇ ಸಂಖ್ಯೆ ಇನ್ನೊಬ್ಬರ ಪಾಲಿಗೆ ಬರೋದಿಲ್ಲ ಅಂತಲೇ ಲೆಕ್ಕ.”

“ಯಾರ ಹತ್ತಿರವೂ ಇರುವುದಿಲ್ಲ?” ಎಂದು ನಿಧಾನವಾಗಿ ಕೇಳಿದರು. ಆಮೇಲೆ ಪೆನ್ನು ತೆಗೆದು ನನ್ನ ಇಕಾಮಾ ಕಾಗದವನ್ನು ಹತ್ತಿರ ಎಳೆದುಕೊಂಡರು.

ಗಣಿತದಿಂದ ಬೀಗ ಮಾಡಬಹುದು, ಆದರೆ ಅದನ್ನು ಒಪ್ಪಿಸಬೇಕಾದರೆ ಮಾಲೀಕರ ಜಂಬಕ್ಕೂ ಒಳಗೊಂದು ಜಾಗ ಕೊಡಬೇಕೆಂದು ಆ ಕೆಲಸ ನನಗೆ ಕಲಿಸಿತು. ಈಗ ದಿವಾನಿಯಾದಲ್ಲಿ ಯಾರಾದರೂ ಹೊಸ ಕಾರಿನ ನಂಬರು ಹೇಳಿಕೊಂಡರೆ ಅಬು ನಾಸರ್ ಕೇಳುತ್ತಾರಂತೆ: “ಅದನ್ನು ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಾರೆ. ನನ್ನದನ್ನು ನಾನೇ ನೋಡಿಲ್ಲ. ಅಂಥದ್ದು ಇದೆಯೇ ನಿನ್ನ ಹತ್ತಿರ?”